ಹೊರದೇಶದ ವ್ಯಾನಿನ ಲೈಟು

"ತಡಿ!" ಎಂದು ಮೆಲ್ಲಿ ಕಿರುಚಿದಳು.

ಅಪ್ಪ ಬ್ರೇಕಿನ ಮೇಲೆ ನಿಂತೇಬಿಟ್ಟ. ಹಿಂದೆ ಒಟ್ಟಿದ್ದ ಹಾಸಿಗೆ ಬಟ್ಟೆಯ ಗಂಟುಗಳು ಉರುಳಿ ಬಂದು ಇಬ್ಬರ ಬೆನ್ನಿಗೂ ಗುದ್ದಿದವು. ವ್ಯಾನಿನ ಮೂತಿಯಿಂದ ಮೊಳದಾಚೆ, ರಸ್ತೆಯ ಎಡ ಅಂಚಿನಲ್ಲಿ, ಪೇಪರ್ ಹಾಕುವವನು ಕುಕ್ಕರುಗಾಲಿನಲ್ಲಿ ಕೂತು ಸೈಕಲ್ಲಿನ ಚೈನು ಸರಿಮಾಡುತ್ತಿದ್ದ.

"ಕಣ್ಣಿಲ್ವೇನ್ರೀ?" ಎಂದು ಅವನು ಎದ್ದು ನಿಂತ.

"ಕಣ್ಣಿದೆ ಕಣಯ್ಯ, ಲೈಟಿಲ್ಲ," ಎಂದ ಅಪ್ಪ.

ಲೈಟು ಇರಲಿಲ್ಲ ಎಂದಲ್ಲ. ಇತ್ತು, ಇದ್ದೂ ಇಲ್ಲದ ಹಾಗೆ. ಆ ವ್ಯಾನು ಹೊರದೇಶದಲ್ಲಿ ಯಾರದೋ ಮನೆಯಲ್ಲಿ ದುಡಿದು ಸುಸ್ತಾಗಿ ಹಡಗು ಹತ್ತಿ ಬಂದದ್ದು. ಅಲ್ಲಿ ಗಾಡಿಗಳು ರಸ್ತೆಯ ಬಲಕ್ಕೆ ಹೋಗುತ್ತವಂತೆ. ಹಾಗಾಗಿ ಸ್ಟೀರಿಂಗು ಎಡಗಡೆಗಿತ್ತು. ಇಲ್ಲಿ ಎಲ್ಲರೂ ಎಡಕ್ಕೆ ಹೋಗುವವರು. ಅಪ್ಪ ಚರಂಡಿಯ ಪಕ್ಕ ಕೂತು ಓಡಿಸಬೇಕು, ಮುಂದೆ ಲಾರಿಯೋ ಬಸ್ಸೋ ಇದ್ದಾಗ ಎದುರಿನಿಂದ ಬರುವ ಗಾಡಿ ಅವನಿಗೆ ಕಾಣಬೇಕಾದರೆ ವ್ಯಾನಿನ ಅರ್ಧ ಮೈ ರಸ್ತೆಯ ನಡುವಿಗೆ ಬಂದಿರಬೇಕು. ಲೈಟಿನ ಗಾಜೋ ಹಳದಿ ತಿರುಗಿತ್ತು. ಬೆಳಕೆಲ್ಲ ಬಲಕ್ಕೆ ಹೋಗಿ ಎದುರಿನವರ ಮುಖಕ್ಕೆ ಬೀಳುತ್ತಿತ್ತು, ಎಡ ಅಂಚು ಕತ್ತಲಲ್ಲೇ ಉಳಿಯುತ್ತಿತ್ತು.

ಹಾಗಾಗಿ ಮೆಲ್ಲಿ. ಅವಳು ಬಲಗಡೆಯ ಸೀಟಿನಲ್ಲಿ ಕೂತು, ಕಿಟಕಿಯಿಂದ ತಲೆ ಹೊರಗೆ ಹಾಕಿ ಎದುರು ಬರುವವರನ್ನೂ, ಮುಂದಿನ ಗಾಜಿನಿಂದ ಎಡ ಅಂಚನ್ನೂ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ನೋಡಬೇಕು. ಮುಂದಿನ ಗಾಡಿಯನ್ನು ದಾಟಬೇಕಾದಾಗ ಅಪ್ಪ "ಹೋಗ್ಲಾ?" ಎನ್ನುತ್ತಾನೆ. ಅವಳು "ಹೋಗು" ಇಲ್ಲವೇ "ತಡಿ" ಎನ್ನಬೇಕು. ಮನೆಯಲ್ಲಿ ಅವಳ ಮಾತು ಪಕ್ಕದಲ್ಲಿ ಕೂತವರಿಗೂ ಕೇಳಿಸದಷ್ಟು ಸಣ್ಣಗೆ ಇರುತ್ತಿದ್ದರಿಂದಲೇ ಮೆಲ್ಲಿ ಎಂಬ ಹೆಸರು ಬಂದದ್ದು. ಗಂಟಲು ಹರಿದುಕೊಳ್ಳುವ ಕೆಲಸ ಅಂಥವಳ ಪಾಲಿಗೇ ಬಂದಿತ್ತು. ಅವರದು ಮನೆಯಲ್ಲೇ ನಡೆಸುವ ಲಾಂಡ್ರಿ. ಬೆಳಕು ಹರಿಯುವ ಮೊದಲೇ ಎರಡು ಲಾಡ್ಜು, ಒಂದು ಹೆರಿಗೆ ಆಸ್ಪತ್ರೆ, ಮೂರಕ್ಕೂ ಒಗೆದ ಬಟ್ಟೆ ಮುಟ್ಟಿಸಿ, ಲೆಕ್ಕ ಒಪ್ಪಿಸಿ, ಬಿಸಿಲೇರಿದ ಮೇಲೆ ಮನೆಗೆ. ಮಧ್ಯಾಹ್ನ ಕೊಳೆ ಬಟ್ಟೆ ತರಲು ಮಾತ್ರ ಅಪ್ಪ ಒಬ್ಬನೇ ಹೋಗುತ್ತಿದ್ದ. ಹಗಲಲ್ಲಿ ಅವನಿಗೆ ಯಾರೂ ಬೇಡ. ಮುಂದೆ ಬಸ್ಸು ಸಿಕ್ಕರೆ ಬಸ್ಸಿನ ಹಿಂದೆಯೇ ಹಾಡು ಹೇಳಿಕೊಂಡು ಬರುತ್ತಿದ್ದ.

ಆ ದಿನ ತಿಂಡಿಗೆ ಕೂತಾಗ ಅಪ್ಪ ಸೈಕಲ್ಲಿನವನ ಕಥೆಯನ್ನು ನಗುನಗುತ್ತ ಹೇಳಿದ. ಮೆಲ್ಲಿಗೆ ನಗು ಬರಲಿಲ್ಲ.

"ಆ ಲೈಟನ್ನ ಮೊದಲು ಸರಿ ಮಾಡ್ಸೋ," ಎಂದಳು ಅಜ್ಜಿ. "ಒಂದಿನ ಯಾರನ್ನಾದ್ರೂ ಬಟ್ಟೆ ಗಂಟಿನ ಜೊತೆ ಸೇರಿಸಿ ಮನೆಗೆ ತಂದೀಯ."

"ಮೆಲ್ಲಿ ಇದಾಳಲ್ಲಮ್ಮ," ಎಂದ ಅಪ್ಪ.

ಮೆಲ್ಲಿ ಬ್ರೆಡ್ಡಿನ ತುದಿಯನ್ನು ಚೂರುಚೂರು ಮಾಡುತ್ತಿದ್ದಳು. ನಾಲ್ಕು ದಿನದಿಂದ ನಾಲಿಗೆಯ ತುದಿಗೆ ಬಂದು ವಾಪಸ್ಸು ಹೋಗುತ್ತಿದ್ದ ಮಾತು ಈಗ ಹೊರಗೆ ಬಂತು. "ಟೇಲರಮ್ಮ ಕರೀತಿದಾರೆ," ಎಂದಳು.

"ಏನಂತೆ? ಗಟ್ಟಿಯಾಗಿ ಹೇಳು," ಎಂದಳು ಅಮ್ಮ ಇಸ್ತ್ರಿ ಮೇಜಿನಿಂದಲೇ.

ಲಾಡ್ಜಿನ ಹರಿದ ಹಾಸುಬಟ್ಟೆಗಳಿಗೆ ಮೆಲ್ಲಿ ಹಾಕುತ್ತಿದ್ದ ಹೊಲಿಗೆಯನ್ನು ಟೇಲರಮ್ಮ ನೋಡಿದ್ದಳು. ಹೊಲಿದದ್ದು ಎಲ್ಲಿ ಎಂದು ಬೆರಳಾಡಿಸಿ ಹುಡುಕಿದ್ದಳು. ಮಾರ್ಕೆಟ್ ಬೀದಿಯಲ್ಲಿ ಅವಳ ಹೊಸ ಅಂಗಡಿ ತೆರೆಯುವುದಿತ್ತು. ಕಟಿಂಗ್ ಮೇಜಿಗೆ ಒಬ್ಬಳು ಬೇಕು. ಗಿರಾಕಿ ಬರುವ ಮೊದಲೇ ಬಟ್ಟೆ ಕತ್ತರಿಸಿ ಮುಗಿಸಬೇಕಾದ್ದರಿಂದ ಬೆಳಗ್ಗೆ ಬೇಗ ಬರಬೇಕು, ಆರು ಗಂಟೆಗೆಲ್ಲ. ಮೆಲ್ಲಿ ಇಷ್ಟನ್ನೂ ಹೇಳಿ ಮುಗಿಸುವಷ್ಟರಲ್ಲಿ ಚಹಾ ಆರಿಹೋಯಿತು.

"ಆರು ಗಂಟೆಗಾ?" ಎಂದಳು ಅಮ್ಮ. "ಆರಕ್ಕೆ ನೀನು ಎರಡನೇ ಲಾಡ್ಜಿನ ಮೆಟ್ಟಿಲ ಮೇಲಿರ್ತೀಯಲ್ಲೇ."

"ಅಣ್ಣ ಹೋಗ್ಲಿ ಅಪ್ಪನ ಜೊತೆ."

"ಹೋಗ್ತೀನಿ ಕಣೇ," ಎಂದ ಅಣ್ಣ. "ಬಾಯ್ಲರ್ ಹೊತ್ಸೋದು, ಮಷಿನ್ನಿಗೆ ಬಟ್ಟೆ ತುಂಬೋದು ನೀನು ಮಾಡು. ಮೊನ್ನೆ ಹಬೆ ನೋಡಿ ಹಿತ್ತಲವರೆಗೂ ಓಡಿದ್ಯಲ್ಲ."

"ಹೋಗ್ಲಿ, ನನ್ನನ್ನ ಕೂರ್ಸಿ," ಎಂದಳು ಅಜ್ಜಿ. "ನನಗೆ ಒಂದು ಗಾಡಿ ಎರಡೆರಡಾಗಿ ಕಾಣ್ಸುತ್ತೆ. ಡಬಲ್ ಹುಷಾರಾಗಿರ್ತೀನಿ."

ಅಪ್ಪ ನಕ್ಕು, ಕೈ ಒರೆಸಿಕೊಂಡು ಎದ್ದ. ಬಾಗಿಲ ಬಳಿ ನಿಂತು ಮಗಳ ಮುಖ ನೋಡಿದ. ಅದರಲ್ಲಿ ಏನು ಕಂಡಿತೋ, "ನೋಡು," ಎಂದ, "ಕತ್ತಲಲ್ಲಿ ಕಾಣಲ್ಲ ಅಂತ ತಾನೇ ನೀನು? ಲೈಟು ಸರಿಯಾಗ್ಲಿ. ಆ ದಿನದಿಂದ ನೀನು ಬರೋದೇ ಬೇಡ. ನಮ್ಮಮ್ಮನ ಎದುರಿಗೇ ಹೇಳ್ತಿದೀನಿ."

"ಕೇಳಿಸ್ಕೊಂಡೆ," ಎಂದಳು ಅಜ್ಜಿ.

ಅವತ್ತಿನಿಂದ ಆ ಲೈಟು ಮೆಲ್ಲಿಯ ಲೈಟಾಯಿತು.

ಮೊದಲು ಕೈ ಹಾಕಿದವನು ಅಣ್ಣ. ಫೋನಿನಲ್ಲಿ ಯಾವುದೋ ವಿಡಿಯೋ ನೋಡಿ, ಇದ್ದ ಬಲ್ಬು ಕಿತ್ತು, ಕಣ್ಣು ಕುಕ್ಕುವ ಬಿಳಿ ಬಲ್ಬು ತಂದು ಹಾಕಿದ. "ನಾಳೆ ನೋಡು, ಕತ್ತಲೆಲ್ಲ ಹಗಲಾಗಿರುತ್ತೆ," ಎಂದ. ಹಗಲಾದದ್ದು ನಿಜ, ಎದುರಿನವರ ಪಾಲಿಗೆ. ಮುಂದೆ ಬಂದ ಪ್ರತಿಯೊಬ್ಬನೂ ರೇಗಿ ತನ್ನ ಲೈಟನ್ನೂ ಮೇಲೆತ್ತಿ ಹೊಡೆದ. ಅಪ್ಪನಿಗೆ ಮೊದಲು ಕಾಣುತ್ತಿದ್ದ ಒಂದಿಷ್ಟೂ ಕಾಣದಾಯಿತು. ಸೇತುವೆಯ ಹತ್ತಿರ ಹಾಲಿನ ಲಾರಿಯವನು ಗಾಡಿ ಅಡ್ಡ ನಿಲ್ಲಿಸಿ ಇಳಿದು ಬಂದ.

"ಏನ್ ಯಜಮಾನ್ರೇ, ಮದುವೆ ಮನೆಯಿಂದ ಬಂದ್ರಾ? ಕಣ್ಣು ಹೋಗ್ಬೇಕು ಅಂತಾನೇ ಹೊರಟಿದೀರಾ?"

ಅಪ್ಪ ಬೈಗುಳವನ್ನೆಲ್ಲ ಹೊಟ್ಟೆಗೆ ಹಾಕಿಕೊಂಡ. ಮನೆಗೆ ಬಂದು ಅಣ್ಣನ ಮೇಲೆ ಕಕ್ಕಿದ. ಅಣ್ಣ ಮುಖ ಊದಿಸಿಕೊಂಡು, ಎರಡು ಹೊತ್ತು ಬಾಯ್ಲರಿನ ಪಕ್ಕದಲ್ಲೇ ತಟ್ಟೆ ಇಟ್ಟುಕೊಂಡು ಉಂಡ.

"ಬಲ್ಬಿನದಲ್ಲ ತಪ್ಪು," ಎಂದಳು ಅಮ್ಮ. "ಗಾಜು ನೋಡಿ ಹೇಗಾಗಿದೆ. ಲಾಡ್ಜಿನ ದಿಂಬಿನ ಚೀಲಕ್ಕಿಂತ ಕೊಳಕು. ಇಪ್ಪತ್ತು ವರ್ಷದಿಂದ ಹಳದಿ ತೆಗೀತಿದೀನಿ, ನನಗೆ ಇದೊಂದು ಹೆಚ್ಚಾ?"

ಅಮ್ಮನ ಮುಂದೆ ಯಾವ ಕಲೆಯೂ ನಿಂತದ್ದಿಲ್ಲ. ರಕ್ತ, ಚಹಾ, ಔಷಧಿ, ತಲೆಗೆ ಹಚ್ಚುವ ಬಣ್ಣ, ಎಲ್ಲಕ್ಕೂ ಅವಳ ಹತ್ತಿರ ಒಂದೊಂದು ಡಬ್ಬಿ ಇತ್ತು. ಸೆರಗು ಸಿಕ್ಕಿಸಿ, ಸ್ಟೂಲು ಹಾಕಿಕೊಂಡು, ವ್ಯಾನಿನ ಮುಂದೆ ಕೂತಳು. ಬಿಳುಪಿನ ಪುಡಿ, ಸೋಡಾ, ಕಾಲರು ಉಜ್ಜುವ ಗಡುಸು ಬ್ರಷ್ಷು. ಮೆಲ್ಲಿ ಬಿಸಿನೀರು ತಂದು ತಂದು ಕೊಟ್ಟಳು. ಹಳದಿ ನೊರೆ ಇಳಿದಾಗ ಇಬ್ಬರಿಗೂ ಎಂಥ ಸಂತೋಷ! ಅಮ್ಮ ಇನ್ನೂ ಜೋರಾಗಿ ಉಜ್ಜಿದಳು. ಒಣಗಿದ ಮೇಲೆ ನೋಡಿದರೆ ಹಳದಿಯೂ ಇಲ್ಲ, ಗಾಜೂ ಇಲ್ಲ. ಪ್ಲಾಸ್ಟಿಕ್ಕಿನ ಮೈಯೆಲ್ಲ ಗೀರು ಗೀರಾಗಿ ಬಚ್ಚಲುಮನೆಯ ಕಿಟಕಿಯ ಹಾಗೆ ಬೆಳ್ಳಗಾಗಿತ್ತು.

ಅಪ್ಪ ಲೈಟು ಹಾಕಿದ. ಎರಡು ದುಂಡಗಿನ ಮಬ್ಬು ಕಾಣಿಸಿತು, ಅಷ್ಟೇ.

"ಕೊಳೆ ಮಾತ್ರ ಒಂಚೂರು ಇಲ್ಲ," ಎಂದಳು ಅಜ್ಜಿ.

ಅಮ್ಮ ಸಂಜೆಯವರೆಗೂ ಇಸ್ತ್ರಿಪೆಟ್ಟಿಗೆಯನ್ನು ಮೇಜಿಗೆ ಕುಕ್ಕಿ ಕುಕ್ಕಿ ಇಟ್ಟಳು. ಮರುದಿನದಿಂದ ಮೆಲ್ಲಿ ಒಂದು ಕೈಯಲ್ಲಿ ಟಾರ್ಚು ಹಿಡಿದು ಕಿಟಕಿಯಿಂದ ಹೊರಕ್ಕೆ ಚಾಚಿ ಕೂರಬೇಕಾಯಿತು. ಭುಜ ಸೆಟೆದುಕೊಂಡಿತು. ಮಧ್ಯಾಹ್ನ ಸೂಜಿಗೆ ದಾರ ಪೋಣಿಸಲು ನಾಲ್ಕು ನಾಲ್ಕು ಸಲ ಪ್ರಯತ್ನಿಸಬೇಕಾಗುತ್ತಿತ್ತು.

ಟೇಲರಮ್ಮ ಒಮ್ಮೆ ತಾನಾಗಿಯೇ ಲಾಂಡ್ರಿಗೆ ಬಂದು ಹೋದಳು. ಬಂದ ನೆಪ ಒಂದು ಪರದೆಯ ಬಟ್ಟೆ. "ಮುಂದಿನ ತಿಂಗಳ ಮೊದಲ ಸೋಮವಾರ ಬಾಗಿಲು ತೆರೀತೀನಿ," ಎಂದು ಮೆಲ್ಲಿಯ ಕಿವಿಯ ಹತ್ತಿರ ಹೇಳಿದಳು. "ಅವತ್ತು ಬೆಳಗ್ಗೆ ನೀನು ಬಂದ್ರೆ ಕತ್ತರಿ ನಿಂದು. ಬರದಿದ್ರೆ ನನ್ನ ನಾದಿನಿ ಮಗಳು ಕಾಯ್ಕೊಂಡಿದಾಳೆ. ನನಗೇನೂ ಬೇಜಾರಿಲ್ಲ ಮಗಾ, ಆದ್ರೆ ಮೇಜು ಖಾಲಿ ಬಿಡೋಕಾಗಲ್ಲ."

ಮೆಲ್ಲಿ ಅದೇ ಮಧ್ಯಾಹ್ನ ಗಾಡಿಗಳ ಎಲೆಕ್ಟ್ರಿಷಿಯನ್ ಅಂಗಡಿಗೆ ಹೋದಳು. ಗಂಡಸರೇ ತುಂಬಿದ್ದ ಜಾಗ. ಬಾಗಿಲಲ್ಲಿ ನಿಂತು, ಯಾರಾದರೂ ತನ್ನನ್ನು ನೋಡಲಿ ಎಂದು ಕಾದಳು, ನೋಡಿದಾಗ ನೆಲ ನೋಡಿದಳು. ಬೀದಿಯವರೆಲ್ಲ ಫ್ಯೂಸಣ್ಣ ಎಂದು ಕರೆಯುವ ಅಂಗಡಿಯವನು ಯಾವುದೋ ಗಾಡಿಯ ಅಡಿಯಿಂದ ತಲೆ ಹೊರಗೆ ಹಾಕಿ, "ಯಾರು, ಲಾಂಡ್ರಿಯವ್ರ ಮಗಳಾ? ನಿಮ್ಮನೇಲಿ ಲೈಟಿಗೂ ಸೋಪು ಹಾಕ್ತಾರಂತೆ?" ಎಂದ. ಎಲ್ಲರೂ ನಕ್ಕರು. ಅವಳ ಕಿವಿ ಬಿಸಿಯಾಯಿತು. ಆದರೂ ಅಲ್ಲಿಂದ ಕದಲಲಿಲ್ಲ.

ನಕ್ಕು ಮುಗಿಸಿ ಅವನು ಹೇಳಿದ್ದು ಇಷ್ಟೇ. ಆ ಲೈಟು ಬಲಕ್ಕೆ ಓಡುವ ದೇಶದ್ದು. ಅದು ಬೆಳಕು ಚೆಲ್ಲುವುದೇ ಆ ಕಡೆಗೆ. ಅದಕ್ಕೆ ಏನು ಹಚ್ಚಿದರೂ, ಎಂಥ ಬಲ್ಬು ಹಾಕಿದರೂ ಅದರ ಬುದ್ಧಿ ಬದಲಾಗುವುದಿಲ್ಲ. ಇದೇ ಮೂತಿಯ, ಎಡಕ್ಕೆ ಓಡುವ ದೇಶದಿಂದ ಬಂದ ಗಾಡಿ ಗುಜರಿಗೆ ಬಂದರೆ ಅದರ ಜೋಡಿ ಲೈಟು ಕಿತ್ತು ಕೂರಿಸಬಹುದು.

"ಯಾವಾಗ ಬರುತ್ತೆ?"

"ಅಂಥ ಗಾಡಿಯವನು ಯಾವಾಗ ಗುದ್ಕೋತಾನೋ ಆವಾಗ."

ಬಂತು, ಎರಡು ವಾರ ಕಳೆದ ಮೇಲೆ. ಹಿಂಭಾಗ ನುಜ್ಜುಗುಜ್ಜಾಗಿ, ಮುಂಭಾಗಕ್ಕೆ ಒಂದು ಗೀರೂ ಇಲ್ಲದ ವ್ಯಾನು. ಲೈಟಿಗೆ ಬದಲಾಗಿ ಫ್ಯೂಸಣ್ಣ ತನ್ನ ಅಂಗಡಿಯ ಎರಡು ಗಾಡಿಗಳಿಗೆ ಸೀಟಿನ ಕವರು ಹೊಲಿದುಕೊಡಲು ಕೇಳಿದ. ದಪ್ಪ ಬಟ್ಟೆ, ಮೂರು ಸೂಜಿ ಮುರಿದವು, ಒಂದು ಅವಳ ಹೆಬ್ಬೆರಳಿನಲ್ಲೇ ಮುರಿಯಿತು. ಬೆಳಗ್ಗೆ ಟಾರ್ಚು, ಆಮೇಲೆ ಬಟ್ಟೆ ಮಡಿಸುವುದು, ಮಧ್ಯಾಹ್ನವೆಲ್ಲ ಹೊಲಿಗೆ ಮಷಿನ್ನು.

"ಇಷ್ಟೊಂದು ಆತುರ ಯಾಕೇ?" ಎಂದ ಅಣ್ಣ. "ಅಪ್ಪನ ಜೊತೆ ಕೂತ್ರೆ ಅಪ್ಪ ಏನು ನಿನ್ನನ್ನ ತಿಂತಾನಾ?"

"ನೀನು ಒಂದಿನ ಕೂತು ನೋಡು," ಎಂದಳು ಮೆಲ್ಲಿ, ದಾರ ಕಚ್ಚುತ್ತ. ಅವನಿಗೆ ಕೇಳಿಸಲಿಲ್ಲ.

ಮೊದಲ ಸೋಮವಾರಕ್ಕೆ ಇನ್ನೂ ಹನ್ನೆರಡು ದಿನವಿರುವಾಗ, ಬುಧವಾರ ಸಂಜೆ, ಫ್ಯೂಸಣ್ಣ ಅಂಗಳಕ್ಕೇ ಬಂದು ಲೈಟು ಕೂರಿಸಿದ. ಬೆಳಕು ಎಲ್ಲಿ ಬೀಳುತ್ತದೆ ಎಂದು ನೋಡಲು ಒಂದು ಗೋಡೆ ಬೇಕು ಎಂದ. ಅಂಗಳದಲ್ಲಿ ಗೋಡೆ ಇರಲಿಲ್ಲ, ಬಟ್ಟೆ ಒಣಹಾಕುವ ತಂತಿ ಇತ್ತು. ಅಮ್ಮ ಲಾಡ್ಜಿನ ಅತಿ ದೊಡ್ಡ ಹಾಸುಬಟ್ಟೆಯನ್ನು ತಂದು ಹರವಿ, ಕೆಳಗೆ ಇಟ್ಟಿಗೆ ಕಟ್ಟಿ ಬಿಗಿ ಮಾಡಿದಳು. ಅಪ್ಪ ಲೈಟು ಹಾಕಿದ.

ಹಾಸುಬಟ್ಟೆಯ ಮೇಲೆ ಬೆಳಕು ಗೆರೆ ಎಳೆದಂತೆ ನಿಂತಿತು. ಬಲಕ್ಕೆ, ಎದುರಿನವರ ಕಡೆಗೆ, ತಗ್ಗಾಗಿ. ಎಡಕ್ಕೆ, ಚರಂಡಿಯ ಕಡೆಗೆ, ಓರೆಯಾಗಿ ಮೇಲಕ್ಕೆ. ಕತ್ತರಿಯಲ್ಲಿ ಕತ್ತರಿಸಿದ ಹಾಗೆ ಇದೆ ಎಂದುಕೊಂಡಳು ಮೆಲ್ಲಿ. ಫ್ಯೂಸಣ್ಣ ಸ್ಕ್ರೂ ತಿರುಗಿಸುತ್ತ "ಸಾಕಾ, ಇನ್ನಾ?" ಎಂದಾಗ, ಅಂಗಳದ ಆ ತುದಿಯಿಂದ "ಇನ್ನೊಂಚೂರು ಕೆಳಗೆ!" ಎಂದು ಅವಳೇ ಕೂಗಿ ಹೇಳಿದಳು. ಅಜ್ಜಿ ಬೆಳಕಿನ ಮುಂದೆ ಹೋಗಿ ನಿಂತು, "ನೋಡ್ರೋ, ನನ್ನ ಸುಕ್ಕೆಲ್ಲ ಎಣಿಸ್ಬಹುದು," ಎಂದಳು. ಅಣ್ಣನೂ ನಕ್ಕ. ಅಮ್ಮ ಫ್ಯೂಸಣ್ಣನಿಗೆ ಚಹಾದ ಜೊತೆ ಎರಡು ಬೇಯಿಸಿದ ಮೊಟ್ಟೆ ಕೊಟ್ಟಳು. ಅವಳ ಕೈ ಅಷ್ಟು ಧಾರಾಳವಾದದ್ದನ್ನು ಮೆಲ್ಲಿ ನೋಡಿರಲಿಲ್ಲ.

ಗುರುವಾರ ಬೆಳಗ್ಗೆ ಅಪ್ಪ ಒಬ್ಬನೇ ಹೋಗಿ ಬಂದ. ಮೆಲ್ಲಿ ಹಾಸಿಗೆಯಲ್ಲೇ ಕಣ್ಣು ಬಿಟ್ಟುಕೊಂಡು ಮಲಗಿ, ವ್ಯಾನಿನ ಸದ್ದು ಬೀದಿಯ ತಿರುವು ದಾಟುವವರೆಗೂ ಕೇಳಿಸಿಕೊಂಡಳು. ಶುಕ್ರವಾರವೂ ಹಾಗೆಯೇ ಆಯಿತು. ಅವಳು ಟೇಲರಮ್ಮನಿಗೆ ಬರುತ್ತೇನೆಂದು ಹೇಳಿ ಬಂದಳು.

ಭಾನುವಾರ ಮಧ್ಯಾಹ್ನ ಎಲ್ಲರೂ ಒಟ್ಟಿಗೆ ಉಣ್ಣುವ ದಿನ. ಅನ್ನ, ಬೇಳೆ, ಹುರಿದ ಆಲೂಗಡ್ಡೆ. ಅಮ್ಮ ಅಪ್ಪನ ತಟ್ಟೆಗೆ ಆಲೂಗಡ್ಡೆ ಎರಡನೇ ಸಲ ಹಾಕಿದಾಗಲೇ ಮೆಲ್ಲಿಗೆ ಏನೋ ಇದೆ ಅನ್ನಿಸಿತು.

"ದೊಡ್ಡಾಸ್ಪತ್ರೆಯವ್ರು ಮತ್ತೆ ಫೋನ್ ಮಾಡಿದ್ರು," ಎಂದಳು ಅಮ್ಮ. "ಊರಾಚೆ ಇರೋದು. ಆ ರಸ್ತೇಲಿ ದೀಪ ಇಲ್ಲ, ನಮ್ಮ ಗಾಡೀಲಿ ಲೈಟಿಲ್ಲ ಅಂತ ಮೊದಲು ಬೇಡ ಅಂದಿದ್ವಲ್ಲ. ಈಗ ಲೈಟು ಬಂತಲ್ಲ. ಹ್ಞೂಂ ಅಂದುಬಿಟ್ಟೆ."

"ಯಾವಾಗಿಂದ?" ಎಂದ ಅಪ್ಪ.

"ನಾಳೆಯಿಂದ ಅಂದ್ರು. ಅಲ್ಲಿಗೆ ಮೊದಲು ಮುಟ್ಟಿಸಿ ಆಮೇಲೆ ಲಾಡ್ಜು. ಆಪರೇಷನ್ ಶುರುವಾಗೋದ್ರೊಳಗೆ ಬಟ್ಟೆ ಬೇಕಂತೆ, ಹೊತ್ತಾದ್ರೆ ಒಳಗೇ ಬಿಡಲ್ವಂತೆ."

"ಒಬ್ಬನಿಗಾಗಲ್ಲ ಕಣೇ. ಆ ರಸ್ತೆ ತುಂಬ ಕಲ್ಲಿನ ಲಾರಿ. ಒಂದರ ಹಿಂದೆ ಸಿಕ್ಕಿಹಾಕ್ಕೊಂಡ್ರೆ ಮುಗೀತು. ದಾಟ್ಕೊಂಡೇ ಹೋಗ್ಬೇಕು."

"ಅದಕ್ಕೇ ಮೆಲ್ಲಿ ಇದಾಳಲ್ಲ," ಎಂದಳು ಅಮ್ಮ.

ಮೆಲ್ಲಿ ತಟ್ಟೆಯನ್ನು ಪಕ್ಕಕ್ಕೆ ಸರಿಸಿದಳು. "ನಾನು ಟೇಲರಮ್ಮಂಗೆ ಹ್ಞೂಂ ಅಂದಿದೀನಿ," ಎಂದಳು.

"ಯಾರನ್ನ ಕೇಳಿ ಅಂದೆ?"

"ನೀನು ಯಾರನ್ನ ಕೇಳಿ ಅಂದೆ?"

ಅಣ್ಣ ತಟ್ಟೆಯಿಂದ ತಲೆಯೆತ್ತಿದ. ಅಮ್ಮನ ಸೌಟು ನಡುವೆಯೇ ನಿಂತಿತು.

"ನಾಲಿಗೆ ಬಂತಲ್ಲ ಇವಳಿಗೆ! ಇವಳ ಕತ್ತರಿ ಕೆಲಸ ಈ ಮನೆ ನಡೆಸುತ್ತಾ?"

"ಲೈಟು ಸರಿಯಾದ್ರೆ ಬರೋದು ಬೇಡ ಅಂತ ಅಪ್ಪ ಹೇಳಿದ್ದ. ಲೈಟು ನಾನೇ ಸರಿ ಮಾಡ್ಸಿದೀನಿ."

"ಹೇಳಿದ್ದ," ಎಂದಳು ಅಜ್ಜಿ. "ನಾನು ಕೇಳಿಸ್ಕೊಂಡಿದೀನಿ."

"ನೀವು ಸುಮ್ನಿರಿ ಅತ್ತೆ. ಲೈಟಿಗೆ ಹೇಳಿದ್ದು ಲೈಟಿಗೆ ಆಯ್ತು. ಇದು ಲಾರಿ ದಾಟೋ ವಿಷಯ."

ಎಲ್ಲರೂ ಅಪ್ಪನನ್ನು ನೋಡಿದರು. ಅಪ್ಪ ಅನ್ನಕ್ಕೆ ಬೇಳೆ ಕಲಸುತ್ತಲೇ ಇದ್ದ. ಕಲಸಿ ಆಗಿದ್ದರೂ ಕಲಸುತ್ತಿದ್ದ. "ಒಂದು ವಾರ ಬಾರೇ ಮಗಳೇ," ಎಂದ ಕೊನೆಗೆ. "ರಸ್ತೆ ಅಭ್ಯಾಸ ಆಗ್ಲಿ. ಟೇಲರಮ್ಮನ ಅಂಗಡಿ ತೆರೆಯೋದು ಮುಂದಿನ ಸೋಮವಾರ ತಾನೇ? ಅಷ್ಟರಲ್ಲಿ ಏನಾದ್ರೂ ಮಾಡೋಣ."

ಸೋಮವಾರದಿಂದ ಅವಳು ಮತ್ತೆ ಆ ಸೀಟಿನಲ್ಲಿದ್ದಳು. ಈಗ ಎಲ್ಲವೂ ಕಾಣುತ್ತಿತ್ತು. ಚರಂಡಿಯ ಅಂಚಿನ ಕಲ್ಲು, ಮಲಗಿದ್ದ ನಾಯಿಯ ಬಾಲ, ಗೇಟಿಗೆ ಸಿಕ್ಕಿಸಿದ ಹಾಲಿನ ಚೀಲ. ಟಾರ್ಚು ಬೇಡ. ಅಪ್ಪ ಖುಷಿಯಲ್ಲಿ ಹಾಡು ಹೇಳಿಕೊಳ್ಳುತ್ತ ಓಡಿಸಿದ. "ಹೋಗ್ಲಾ?" ಎಂದ, "ಹೋಗು" ಎಂದಳು. ಆಸ್ಪತ್ರೆಗೆ ದಿನವೂ ಹೊತ್ತಿಗೆ ಮೊದಲೇ ತಲುಪಿದರು. ಮಂಗಳವಾರ ಕಳೆಯಿತು, ಗುರುವಾರ ಕಳೆಯಿತು. ಅಷ್ಟರಲ್ಲಿ ಏನಾದರೂ ಮಾಡೋಣ ಎಂದಿದ್ದ ಅಪ್ಪ ಮತ್ತೆ ಅದರ ಮಾತೆತ್ತಲಿಲ್ಲ. ಅಮ್ಮ ಇನ್ನಷ್ಟು ತಂತಿ ಕಟ್ಟಿಸಿದಳು. ಮೆಲ್ಲಿ ಊಟದ ಹೊತ್ತಿಗೆ ಎರಡು ಸಲ ಬಾಯಿ ತೆರೆದಳು. ಒಮ್ಮೆ ಒಗೆಯುವ ಮಷಿನ್ನಿನ ಸದ್ದು, ಇನ್ನೊಮ್ಮೆ ಅಣ್ಣನ ಸದ್ದು.

ಭಾನುವಾರ ಲಾಡ್ಜಿನ ಬಟ್ಟೆಗೆ ರಜೆ, ಆಸ್ಪತ್ರೆಗೆ ಎಲ್ಲಿಯ ರಜೆ? ಊರು ದಾಟುತ್ತಲೇ ಮುಂದೆ ಕಲ್ಲಿನ ಲಾರಿ ಸಿಕ್ಕಿತು. ಹೊರೆ ತುಂಬಿಕೊಂಡು ಬಸುರಿಯ ಹಾಗೆ ಹೋಗುತ್ತಿತ್ತು.

"ಹೋಗ್ಲಾ?"

ಮೆಲ್ಲಿ ತಲೆ ಹೊರಗೆ ಹಾಕಿ ನೋಡಿದಳು. ರಸ್ತೆ ದೂರದ ಮರಗಳವರೆಗೂ ಖಾಲಿಯಿತ್ತು.

"ತಡಿ," ಎಂದಳು.

ಅಪ್ಪ ಸ್ವಲ್ಪ ಹೊತ್ತು ಬಿಟ್ಟು ಮತ್ತೆ, "ಈಗ?" ಎಂದ.

"ತಡಿ."

ಲಾರಿಯ ಹಿಂಬದಿಯ ಒಂದೊಂದು ನಟ್ಟೂ, ಒಂದೊಂದು ಮಣ್ಣಿನ ಹಕ್ಕಳೆಯೂ ಹೊಸ ಲೈಟಿನಲ್ಲಿ ಸ್ಪಷ್ಟವಾಗಿ ಕಾಣುತ್ತಿತ್ತು. ಅಪ್ಪ ಹಾಡು ನಿಲ್ಲಿಸಿದ. ಆಮೇಲೆ ಕೇಳುವುದನ್ನೂ ನಿಲ್ಲಿಸಿದ. ಲಾರಿ ಕಲ್ಲಿನ ಅಡ್ಡೆಗೆ ತಿರುಗಿಕೊಳ್ಳುವವರೆಗೂ ಅದರ ಹಿಂದೆಯೇ ಹೋದರು. ಆಸ್ಪತ್ರೆಯ ಸ್ಟೋರಿನವಳು ಬಾಗಿಲಲ್ಲೇ ನಿಂತಿದ್ದಳು. ಅವಳ ಬಾಯಿಂದ ಬಂದದ್ದನ್ನೆಲ್ಲ ಕೇಳಿಸಿಕೊಂಡು, ಗಂಟು ಇಳಿಸಿ ಬಂದರು. ಮನೆ ತಲುಪುವಷ್ಟರಲ್ಲಿ ಅವಳ ಫೋನು ಅಮ್ಮನಿಗೂ ಮುಟ್ಟಿತ್ತು.

"ಲಾರಿ ಅಡ್ಡ ಇತ್ತು," ಎಂದ ಅಪ್ಪ ಚಹಾ ತೆಗೆದುಕೊಳ್ಳುತ್ತ.

"ದಾಟ್ಬಾರದಿತ್ತಾ?"

"ಅವಳು ತಡಿ ಅಂದ್ಲು."

ಅಮ್ಮ ಮಗಳ ಕಡೆ ತಿರುಗಿದಳು. "ಎದುರಿಗೆ ಗಾಡಿ ಬರ್ತಿತ್ತಾ?"

ಬರುತ್ತಿತ್ತು ಎಂದರೆ ಮುಗಿದುಹೋಗುತ್ತಿತ್ತು. ಮೆಲ್ಲಿ ಬ್ರೆಡ್ಡನ್ನು ಚಹಾದಲ್ಲಿ ಅದ್ದಿದಳು.

"ಇಲ್ಲ," ಎಂದಳು.

ಇಷ್ಟು ಗಟ್ಟಿಯಾಗಿ ಅವಳು ಮನೆಯೊಳಗೆ ಯಾವತ್ತೂ ಮಾತಾಡಿರಲಿಲ್ಲ.

"ಮತ್ತೆ?" ಎಂದ ಅಣ್ಣ.

"ಮತ್ತೆ ಏನಿಲ್ಲ. ನಾಳೆ ಟೇಲರಮ್ಮನ ಅಂಗಡಿ ತೆರೆಯುತ್ತೆ. ನಾಳೆನೂ ತಡಿ ಅಂತೀನಿ. ನಾಡಿದ್ದೂ ಅಂತೀನಿ."

"ಕೈಗೆ ಬಂದ ಆಸ್ಪತ್ರೆ ಹೋಗುತ್ತೆ ಕಣೇ, ಮೂರ್ಖಿ!" ಅಮ್ಮನ ದನಿ ಒಡೆಯಿತು. "ನನ್ನ ಕೈ ನೋಡು, ಈ ಸೋಡಾಕ್ಕೆ ಹೇಗಾಗಿದೆ ನೋಡು. ಇನ್ನೊಬ್ಬಳನ್ನ ಕೆಲಸಕ್ಕೆ ಇಟ್ಕೊಳ್ಳೋಣ ಅಂತ ಈಗ ತಾನೇ ಯೋಚನೆ ಮಾಡ್ತಿದೀನಿ, ನೀನು ಹೀಗೆ ಮಾಡ್ತೀಯಲ್ಲ."

ಮೆಲ್ಲಿ ಅಮ್ಮನ ಕೈ ನೋಡಿದಳು. ಬೆರಳಿನ ಸಂದುಗಳಲ್ಲಿ ಚರ್ಮ ಬಿಳಿಚಿ ಬಿರಿದಿತ್ತು. ಅವಳ ಬ್ರೆಡ್ಡು ಚಹಾದಲ್ಲೇ ಕರಗಿತು.

ಅಪ್ಪ ಚಹಾ ಮುಗಿಸಿ, ಲೋಟವನ್ನು ಅಂಗೈಯಲ್ಲಿ ತಿರುಗಿಸಿದ. "ನಾಳೆ ಅರ್ಧ ಗಂಟೆ ಮುಂಚೆ ಹೊರಡೋಣ," ಎಂದ. "ಆವಾಗ ಲಾರಿ ಹಿಂದೆನೇ ಹೋದ್ರೂ ಹೊತ್ತಿಗೆ ಸರಿಯಾಗಿ ತಲುಪ್ತೀವಿ. ದಾಟೋದೇ ಬೇಡ. ಜಗಳನೂ ಬೇಡ."

"ಹಾಗಾದ್ರೆ ಅವಳ್ಯಾಕೋ?" ಎಂದಳು ಅಜ್ಜಿ.

ಮೆಲ್ಲಿಯೂ ಅದನ್ನೇ ಕೇಳುವವಳಿದ್ದಳು. "ಅರ್ಧ ಗಂಟೆ ಮುಂಚೆ ಹೊರಟ್ರೆ ನೀನೊಬ್ಬನೇ ಹೋಗ್ಬಹುದಲ್ಲಪ್ಪ. ಲೈಟಿದೆ. ದಾಟೋದೂ ಇಲ್ಲ."

ಅಪ್ಪ ಅವಳನ್ನು ನೋಡಿದ. ಅವನ ಮುಖದಲ್ಲಿ ಕೋಪವಿರಲಿಲ್ಲ, ಮೋಸವಿರಲಿಲ್ಲ. ಅವಳು ಹೇಳಿದ್ದು ಅವನ ತಲೆಗೆ ಹೊಳೆದೇ ಇರಲಿಲ್ಲ, ಅಷ್ಟೇ.

"ಊರಾಚೆ ರಸ್ತೆ ಕಣೇ," ಎಂದ, ಬಹಳ ಮೆತ್ತಗೆ. "ಆ ಕಡೆ ಸೀಟು ಖಾಲಿ ಇಟ್ಕೊಂಡು ಹೇಗೆ ಓಡಿಸ್ಲಿ?"

ಅಜ್ಜಿ ಬಾಯಿ ತೆರೆದು, ಮಗನ ಮುಖ ನೋಡಿ ಮುಚ್ಚಿಕೊಂಡಳು. ಅಣ್ಣ ಎದ್ದು ಬಾಯ್ಲರಿನ ಕಡೆ ಹೋದ. ಅಮ್ಮ ಕಪಾಟಿನ ಮೇಲಿದ್ದ ಅಲಾರಮ್ ಗಡಿಯಾರವನ್ನು ಇಳಿಸಿ, ಬಿರಿದ ಬೆರಳುಗಳಿಂದ ಅದರ ಅಲಾರಮ್ ಮುಳ್ಳನ್ನು ಅರ್ಧ ಗಂಟೆ ಹಿಂದಕ್ಕೆ ತಿರುಗಿಸಿ, ಮೆಲ್ಲಿಯ ಹಾಸಿಗೆಯ ತಲೆದೆಸೆಗೆ ಇಟ್ಟು ಬಂದಳು.